ತೂತೆಲೆ ಗಿಡಕ್ಕೆ ಹಾಕಿದ ಹಸಿ ಗೊಬ್ಬರ

ಗೌರಿಬಿದನೂರು,
ಭಾನುವಾರ

ನನ್ನ ತನುಜಾಳಿಗೆ,

ನೀನು ಫೋನು ತೆಗೆಯುತ್ತಿಲ್ಲ. ಮೆಸೇಜುಗಳಿಗೆ ನೀಲಿ ಗೆರೆಯೂ ಬೀಳುತ್ತಿಲ್ಲ. ಅದಕ್ಕೇ ಇದನ್ನು ಹಾಳೆಯ ಮೇಲೆ ಬರೆದು ನಿನ್ನ ತಮ್ಮ ಸುನೀಲನ ಕೈಗೆ ಕೊಡುತ್ತಿದ್ದೇನೆ. ಹರಿದು ಹಾಕುವುದಿದ್ದರೂ ಓದಿ ಆಮೇಲೆ ಹರಿ.

ನಿನ್ನ ಗಿಡ ಸಾಯುತ್ತಿದೆ. ಅದರ ಇಂಗ್ಲಿಷ್ ಹೆಸರಿಗೆ ನಾಲಿಗೆ ಹೊರಳದೆ ತೂತೆಲೆ ಗಿಡ ಅಂತ ಕರೆದು ನಿನ್ನಿಂದ ಬೈಸಿಕೊಳ್ಳುತ್ತಿದ್ದೆನಲ್ಲ, ಅದೇ. ಕೊಂದವನು ನಾನೇ.

ಏಳನೇ ತಿಂಗಳಿಗೆ ನಮ್ಮ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ನೀನು ಕೇಳಿದ್ದು ಇಷ್ಟೇ: "ನಂಗೆ ಒಂದ್ಸಲನಾದ್ರೂ ತೋರಿಸ್ಬಾರ್ದಿತ್ತೇನ್ರೀ? ಎಲ್ಲಿಟ್ರಿ ನನ್ನ ಮಗೂನ?" ನಾನು "ಆಸ್ಪತ್ರೆಯವರೇ ನೋಡ್ಕೊಂಡ್ರು, ನಾನೂ ನೋಡ್ಲಿಲ್ಲ" ಅಂದು ಟಿವಿ ಹಾಕಿಕೊಂಡು ಕೂತೆ. ಮಾರನೇ ದಿನವೇ ನೀನು ಬ್ಯಾಗು ಹಿಡಿದು ದಿಬ್ಬೂರಹಳ್ಳಿಗೆ, ತವರಿಗೆ ಹೊರಟುಬಿಟ್ಟೆ.

ಆಮೇಲೆ ಈ ಮನೆಯಲ್ಲಿ ಉಳಿದವರು ನಾನು ಮತ್ತು ಆ ಗಿಡ. ಕುಂಡದ ತಳದಿಂದ ಬೇರು ಹೊರಗೆ ಬಂದಿತ್ತು. ಕುಂಡ ಬದಲಿಸಬೇಕು ಅಂತ ನೀನು ಬಸುರಿಯಾಗಿದ್ದಾಗಲೇ ಹೇಳುತ್ತಿದ್ದೆ. ದೊಡ್ಡ ಕುಂಡ ತಂದೆ. ಗೊಬ್ಬರ ಇಲ್ಲಿನ ನರ್ಸರಿಯಲ್ಲೂ ಸಿಗುತ್ತದೆ. ಆದರೂ ಬೈಕು ಹತ್ತಿ ನಿಮ್ಮೂರಿಗೇ ಬಂದೆ. ನಿಮ್ಮ ರೇಷ್ಮೆ ಹುಳುಮನೆಯ ಗೊಬ್ಬರ ಬರೀ ನೆಪ. ನಿನ್ನ ಮುಖ ನೋಡಬೇಕಿತ್ತು.

ಮಾವ ಆವತ್ತೇ ರೇಷ್ಮೆ ಹುಳುಗಳ ಹಾಸಿಗೆ ತೆಗೆದು ಹಾಕಿದ್ದರು. ಹಿಕ್ಕೆ, ತಿಂದು ಬಿಟ್ಟ ಸೊಪ್ಪಿನ ಕಡ್ಡಿ ಎಲ್ಲ ಹೊರಗೆ ರಾಶಿ ಬಿದ್ದಿತ್ತು. ನಾನು ಚೀಲಕ್ಕೆ ತುಂಬುವಾಗ ಅವರೇನೋ ಹೇಳುತ್ತಿದ್ದರು. ಹೂಂ ಹೂಂ ಅನ್ನುತ್ತಾ ನಿಮ್ಮ ಬಾಗಿಲನ್ನೇ ನೋಡುತ್ತಿದ್ದೆ. ಪರದೆ ಅಲುಗಾಡಿತು. ನೀನು ಬರಲಿಲ್ಲ. ಅವರು ಹೇಳಿದ್ದೇನೆಂದು ತಿಳಿದದ್ದು ಮೊನ್ನೆ, ಫೋನಿನಲ್ಲಿ: "ಹಸೀದು ಹಾಕ್ಬೇಡಿ, ಸುಣ್ಣ ಬೇರೆ ಎರಚಿದೀವಿ, ಮೂರು ತಿಂಗ್ಳು ಗುಂಡೀಲಿ ಕೊಳೀಲಿ ಅಂತ ಬಡ್ಕೊಂಡೆನಲ್ಲ ಅಳಿಯಂದ್ರೇ. ಬೇರು ಬೆಂದೋಗಿರ್ತದೆ." ರೇಷ್ಮೆಯವರ ಮನೆ ಅಳಿಯನಿಗೆ ಇಷ್ಟೂ ಗೊತ್ತಿಲ್ಲವಲ್ಲ ಅಂತ ಊರೇ ನಗಬೇಕು.

ಹಾಕುವಾಗಲೂ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಹಳೇ ಕುಂಡ ಬಗ್ಗಿಸಿ ಗಿಡವನ್ನು ಈಚೆಗೆ ತೆಗೆದೆ. ಒದ್ದೆ ಬೇರಿನ ಉಂಡೆ ಎರಡೂ ಕೈ ತುಂಬ ಬಂತು. ಅದನ್ನು ಹಿಡಿದುಕೊಂಡೇ ಬಹಳ ಹೊತ್ತು ನೆಲದ ಮೇಲೆ ಕೂತಿದ್ದೆ. ಹೊಸ ಕುಂಡದಲ್ಲಿ ಹೇಗೋ ಇಟ್ಟು, ಚೀಲದ ಗೊಬ್ಬರವನ್ನೆಲ್ಲ ಸುರಿದು, ಮಣ್ಣು ಮುಚ್ಚಿ ಎದ್ದು ಹೋದೆ. ನಾಲ್ಕೇ ದಿನದಲ್ಲಿ ಎಲೆಯ ಅಂಚು ಕಪ್ಪಾಯಿತು. ಈಗ ದಂಟೂ ಮೆತ್ತಗಾಗಿದೆ. ಮತ್ತೆ ಕಿತ್ತು, ಬೇರು ತೊಳೆದು, ಕೊಳೆತದ್ದನ್ನು ಕತ್ತರಿಸಿ ಬರೀ ಮರಳಿನಲ್ಲಿ ನಿಲ್ಲಿಸಿದ್ದೇನೆ. ಉಳಿಯುವ ಹಾಗೆ ಕಾಣುವುದಿಲ್ಲ ತನು. ದಿನಾ ಅದರ ಮುಂದೆ ಕೂತು ಹುಚ್ಚನ ಹಾಗೆ ಬೇಡಿಕೊಳ್ಳುತ್ತಿದ್ದೇನೆ.

ಆ ಉಂಡೆ ಹಿಡಿದು ಹಾಗೆ ಕೂತದ್ದು ಯಾಕೆ ಅಂತ ಹೇಳಲೇಬೇಕು. ನಾನು ಸುಳ್ಳು ಹೇಳಿದ್ದೆ. ಮಗುವನ್ನು ನೋಡಿದ್ದೆ. ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಆ ಬೇರಿನ ಉಂಡೆಯಷ್ಟೇ ಭಾರವಿದ್ದಳು. ನಮ್ಮ ದೊಡ್ಡಮ್ಮ, "ಹೆತ್ತೋಳಿಗೆ ತೋರಿಸ್ಬಾರ್ದು ಕಣಪ್ಪ, ಹೇಳ್ಲೂಬಾರ್ದು. ಆಮೇಲೆ ಮರೆಯೋಕಾಗಲ್ಲ ಅವಳಿಗೆ" ಅಂದರು. ಹಿರಿಯರ ಮಾತು, ಇದೇ ನಿನಗೆ ಒಳ್ಳೆಯದು ಅಂತ ನಂಬಿಬಿಟ್ಟೆ. ನೀನು ಮರೆಯಲಿಲ್ಲ. ನಾನೂ ಮರೆಯಲಿಲ್ಲ. ಇಬ್ಬರೂ ಬೇರೆ ಬೇರೆ ಊರಲ್ಲಿ ಕೂತು ಸಾಯುತ್ತಿದ್ದೇವೆ, ಅಷ್ಟೇ ಆದದ್ದು.

ಹೆಣ್ಣು ಮಗು. ಹಣೆ ನಿನ್ನದೇ. ತಲೆ ತುಂಬ ಕೂದಲಿತ್ತು. ವಿದುರಾಶ್ವತ್ಥದ ಆಚೆ ನಮ್ಮ ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ, ನಾನೇ ಅಗೆದು ಮಲಗಿಸಿದೆ. ಗುದ್ದಲಿ ಪಕ್ಕದಲ್ಲೇ ಇತ್ತು, ಆದರೂ ಮಣ್ಣನ್ನು ಕೈಯಲ್ಲೇ ಮುಚ್ಚಿದೆ.

ಗಿಡಕ್ಕಾಗಿ ಬರಬೇಡ, ಅದು ನೀನು ಬರುವಷ್ಟರಲ್ಲಿ ಇರುವುದಿಲ್ಲ. ನನ್ನ ಜೊತೆ ಬಾಳುವುದೂ ಬಿಡುವುದೂ ನಿನಗೆ ಸೇರಿದ್ದು. ಆದರೆ ಒಂದು ಸಲ ಬಾ. ಯಾವತ್ತು ಅಂತ ಸುನೀಲನ ಕೈಲಿ ಹೇಳಿಕಳಿಸು, ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಹೊಲದವರೆಗೆ ಕರೆದುಕೊಂಡು ಹೋಗಿ ಜಾಗ ತೋರಿಸುತ್ತೇನೆ. ಆಮೇಲೆ ನೀನು ಕರೆಯುವವರೆಗೆ ದೂರದಲ್ಲೇ ನಿಂತಿರುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮೈ, ಮನಸ್ಸು ಎರಡೂ ಗಟ್ಟಿಯಾಗಲಿ.

ಅವಳ ಅಪ್ಪ,
ಜಗನ್