ಯಾವ ಕಾರು ಎಂದು ಕೇಳಿದ್ದಿರಿ

ಅಪ್ಪಾ,

ಎರಡು ಸಣ್ಣ ಕಾರುಗಳಲ್ಲಿ ಯಾವುದು ಮೇಲು ಎಂದು ಕೇಳಿದ್ದಿರಿ. ಬಿಳಿಯದು ಮೈಲೇಜ್ ಚೆನ್ನಾಗಿ ಕೊಡುತ್ತದೆ, ಬೆಲೆಯೂ ಕಡಿಮೆ. ಕೆಂಪು ಕಾರಿನಲ್ಲಿ ಆರು ಏರ್‌ಬ್ಯಾಗ್‌ಗಳಿವೆ. ನೀವು ಮೊಮ್ಮಗಳನ್ನು ಶಾಲೆಗೆ ಬಿಡಲು ಅದೇ ಸರಿ ಎಂದುಕೊಂಡಿದ್ದೆ, ನಿನ್ನೆ ನೀವು ಅದನ್ನು ಓಡಿಸಿ ನೋಡುವವರೆಗೆ.

ರಸ್ತೆ ದಾಟುತ್ತಿದ್ದ ಹೆಂಗಸನ್ನು ನೀವು ನೋಡಲೇ ಇಲ್ಲ. ಪಕ್ಕದಲ್ಲಿದ್ದ ಷೋರೂಮಿನವನು ಹ್ಯಾಂಡ್‌ಬ್ರೇಕ್ ಎಳೆದದ್ದಕ್ಕೆ ಅವಳು ಉಳಿದಳು. "ಎಲ್ಲಿಂದ ಬಂದ್ಲೋ ಇವಳು!" ಎಂದು ಗದರಿದಿರಿ. ಹಿಂದೆ ಕೂತಿದ್ದ ನನಗೆ ಅವಳು ದೂರದಿಂದಲೇ ಕಾಣುತ್ತಿದ್ದಳು, ಅಪ್ಪಾ.

ಕಾರು ಸದ್ಯಕ್ಕೆ ಬೇಡವೆಂದು ಷೋರೂಮಿಗೆ ಹೇಳಿಬಿಟ್ಟಿದ್ದೇನೆ. ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ. ಅಲ್ಲಿಯವರೆಗೆ ಹಳೆಯ ಕಾರಿನ ಕೀಯನ್ನು ಅಮ್ಮನ ಕೈಗೆ ಕೊಟ್ಟುಬಿಡಿ.

ಬೈಯುವುದಿದ್ದರೆ ನಾಳೆ ಬೆಳಿಗ್ಗೆ ಬಂದು ಬೈಯಿರಿ, ಆದರೆ ನಡೆದೇ ಬನ್ನಿ. ಮಗುವನ್ನು ಇಬ್ಬರೂ ಸೇರಿ ಬಸ್ಸಿನಲ್ಲೇ ಹೋಗಿ ಶಾಲೆಗೆ ಬಿಟ್ಟು ಬರೋಣ.

ನಿಮ್ಮ ಮಗಳು