ಮುದ್ರೆ ಗಟ್ಟಿಯಿತ್ತು, ಜೋಳ ಕೊಳೆತಿತ್ತು

ಕಲಬುರ್ಗಿಯಲ್ಲಿ ಕೂತು ಜಿಲ್ಲೆಯ ಸಹಕಾರ ಸಂಘಗಳ ಮೇಲ್ವಿಚಾರಣೆ ನಡೆಸುತ್ತಿರುವ ಮಾನ್ಯರೇ,

ಕಮಲಾಪುರದ ಧಾನ್ಯ ಸಂಘದ ಹಗೇವಿಗೆ ತಾವು ಹಾಕಿಸಿದ ಅರಗಿನ ಮುದ್ರೆಯನ್ನು ಒಡೆದ ಅಪರಾಧಕ್ಕಾಗಿ ಪೀರಪ್ಪನೆಂಬ ಕೂಲಿಯವನ ಮೇಲೆ ಖಟ್ಲೆ ಹೂಡಿಸಿದ್ದೀರಿ. ಮುದ್ರೆ ಒಡೆದದ್ದು ನಿಜ. ಊರಿನ ಎಲ್ಲ ಓಣಿಯವರೂ ಸೇರಿ, ಡಂಗುರ ಸಾರಿ, ಹಾಡಹಗಲಲ್ಲಿ ಒಡೆದದ್ದೂ ನಿಜ. ಹೀಗಿರುವಾಗ ಅಷ್ಟು ಜನರ ನಡುವೆ ತಮ್ಮ ಕಚೇರಿಯ ಕಣ್ಣಿಗೆ ಪೀರಪ್ಪನೊಬ್ಬನೇ ಬಿದ್ದದ್ದು ಹೇಗೆ? ಈ ಪ್ರಶ್ನೆಯನ್ನು ಅರ್ಜಿಗಳಲ್ಲಿ ಕೇಳಿದೆ, ತಮ್ಮ ಕಚೇರಿಯ ಜಗಲಿಯಲ್ಲಿ ಕೈಕಟ್ಟಿ ನಿಂತು ಕೇಳಿದೆ. ಉತ್ತರ ಸಿಗಲಿಲ್ಲ. ಈಗ ಸೊಲ್ಲಾಪುರದಲ್ಲಿ ಅಚ್ಚು ಹಾಕಿಸಿ, ಕಲಬುರ್ಗಿಯ ಸ್ಟೇಶನ್ ಬಜಾರದಲ್ಲಿ ಹಂಚಿ, ಎಲ್ಲರೆದುರು ಕೇಳುತ್ತಿದ್ದೇನೆ.

ಪತ್ರ ಕನ್ನಡದಲ್ಲಿದೆ ಎಂದು ಬೇಸರಿಸಬೇಡಿ. ಉರ್ದು ಅರ್ಜಿ ಬರೆದುಕೊಡುವ ಮುನ್ಷಿ ತಮ್ಮ ಬಿರುದುಗಳಿಗೇ ಮುಕ್ಕಾಲು ಕಾಗದ ಖರ್ಚು ಮಾಡಿ, ಉಳಿದ ಅಂಚಿನಲ್ಲಿ ನಮ್ಮ ಜೋಳವನ್ನು ತುರುಕುತ್ತಿದ್ದ. ಬಿರುದುಗಳನ್ನು ಓದಿ ತೃಪ್ತರಾಗಿ ತಾವು ಅಲ್ಲಿಗೇ ನಿಲ್ಲಿಸಿರಬೇಕು ಎಂದುಕೊಂಡು ಈ ಸಲ ನೇರವಾಗಿ ಜೋಳದಿಂದಲೇ ಶುರು ಮಾಡುತ್ತೇನೆ.

ಹಗೇವು ಎಂದರೆ ನೆಲದೊಳಗಿನ ಕಣಜ. ಹೊರಗಿನಿಂದ ಬಂದವರಿಗೆ ಗೊತ್ತಿರಲಿಕ್ಕಿಲ್ಲವೆಂದು ಹೇಳುತ್ತೇನೆ. ನಮ್ಮ ಕಮಲಾಪುರದ ಕೆಂಪು ಮೊರಂ ನೆಲದಲ್ಲಿ, ನೀರು ನಿಲ್ಲದ ಏರು ನೋಡಿ, ಬಾಯಿ ಸಣ್ಣದಾಗಿ ಹೊಟ್ಟೆ ದೊಡ್ಡದಾಗಿ ತೋಡುತ್ತೇವೆ. ಒಳಗೆ ಸುತ್ತಲೂ ಹುಲ್ಲು, ಹೊಟ್ಟು ಹಾಸಿ ಜೋಳ ತುಂಬುತ್ತೇವೆ. ಬಾಯಿಗೆ ಚಪ್ಪಡಿ ಎಳೆದು, ಅದರ ಮೇಲೆ ಮಣ್ಣು ಬೂದಿ ಕಲಸಿ ದಪ್ಪಗೆ ಮೆತ್ತುತ್ತೇವೆ. ಆಮೇಲೆ ಎಂಥ ಮಳೆ ಬಂದರೂ ಚಿಂತೆಯಿಲ್ಲ. ಸಂಘದ ಹಗೇವು ತುಂಬುವುದು ಸುಗ್ಗಿಯಲ್ಲಿ, ಎಲ್ಲರೂ ತಮ್ಮ ಶಕ್ತಿಯಷ್ಟು ತಂದು ಹಾಕಿದಾಗ. ತೆರೆಯುವುದು ಮಳೆಗಾಲದಲ್ಲಿ, ಮನೆಯ ಗಡಿಗೆಗಳು ಬರಿದಾದಾಗ. ಬೇಕಾದವರು ಒಯ್ದು ಮುಂದಿನ ಸುಗ್ಗಿಗೆ ತುಸು ಹೆಚ್ಚು ಸೇರಿಸಿ ತಿರುಗಿ ಹಾಕಬೇಕು. ನಮ್ಮ ಬ್ಯಾಂಕು ಎಂದರೆ ಇಷ್ಟೇ.

ಈ ಬ್ಯಾಂಕಿನ ಭದ್ರತೆ ಒಂದು ಹಗ್ಗದಲ್ಲಿತ್ತು. ಚಪ್ಪಡಿಗೆ ಹಗ್ಗ ಕಟ್ಟಿ ಎಳೆಯುವಾಗ ಪ್ರತಿ ಓಣಿಯಿಂದ ಒಬ್ಬರ ಕೈ ಅದರ ಮೇಲಿರಲೇಬೇಕು. ಒಂದು ಓಣಿ ಬರದಿದ್ದರೂ ಹಗೇವು ತೆರೆಯುವಂತಿಲ್ಲ. ನಮ್ಮ ಬಜಾರ ಓಣಿಯಿಂದ ಬಟ್ಟೆ ಅಂಗಡಿಯ ನಾನು, ಸಂಘದ ಕಾರ್ಯದರ್ಶಿ. ಪಿಂಜಾರ ಓಣಿಯಿಂದ ಹಲೀಮಾ ಬೀ, ಹಗೇವಿನ ಪಕ್ಕದ ಮನೆಯವರು. ಊರಾಚೆಯ ಕೆಳಗಿನ ಓಣಿಯಿಂದ ಪೀರಪ್ಪ. ಆ ಓಣಿಯವರ ಕೈ ಹಗ್ಗಕ್ಕೆ ಬೀಳಬೇಕಾದರೆ ಊರಲ್ಲಿ ದೊಡ್ಡ ಜಗಳವೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. "ಜ್ವಾಳಾ ಹಾಕ್ಲಾಕ ನಾವು ಬೇಕು, ಕಲ್ಲ ಎಳೀಲಾಕ ಬ್ಯಾಡೇನ್ರಿ?" ಎಂದು ಪೀರಪ್ಪ ಸಭೆಯಲ್ಲಿ ಎದ್ದು ಕೇಳಿದ. ಹಾಗೆ ಹಗ್ಗಕ್ಕೆ ಎಲ್ಲರ ಕೈ ಬಂತು. ಆದರೂ ಹಗೇವಿನೊಳಗೆ ಇಳಿಯುವ ಕೆಲಸ ಮಾತ್ರ ಅವನಿಗೇ ಉಳಿಯಿತು. ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುವುದುಂಟು. ದೀಪ ಇಳಿಬಿಟ್ಟು, ಅದು ಆರದಿದ್ದರಷ್ಟೇ ಮನುಷ್ಯ ಇಳಿಯಬೇಕು. ಆ ಮನುಷ್ಯ ಯಾವಾಗಲೂ ಪೀರಪ್ಪನೇ ಏಕೆ ಎಂದು ನಾವು ಕೇಳಿಕೊಳ್ಳಲಿಲ್ಲ. ಈ ತಪ್ಪನ್ನು ತಮ್ಮ ಖಾತೆಗೆ ಹಾಕುವುದಿಲ್ಲ. ಇದು ನಮ್ಮದೇ.

ಇಷ್ಟು ಕುಂದಿದ್ದರೂ ಸಂಘ ಬೆಳೆಯಿತು. ಮಹಾಗಾಂವದ ಕಡೆಯವರೂ ನೋಡಿಹೋಗಿ ತಮ್ಮಲ್ಲೂ ಮಾಡುವ ಮಾತಾಡಿದರು. ಆಗ ನಮ್ಮ ದುರದೃಷ್ಟಕ್ಕೆ ತಮ್ಮ ಕೃಪಾದೃಷ್ಟಿ ಇತ್ತ ಬಿತ್ತು. ತಾವು ದಯಮಾಡಿಸಿದಿರಿ. ಹಾರ ಹಾಕಿದೆವು, ನಮ್ಮೂರ ಕೆಂಪು ಬಾಳೆಹಣ್ಣು ಕೊಟ್ಟೆವು. ಹಗ್ಗ ಎಳೆಯುವುದನ್ನು ನೋಡಿ ತಾವು ನಕ್ಕಿರಿ.

"ಇದೇನ್ರಿ, ಹಗೇವು ತೆಗೀಲಾಕತ್ತೀರೋ, ಬಾರಾತ್ ಹೊಂಡಿಸೀರೋ? ಇಷ್ಟ್ ಮಂದಿ ಯಾಕ ಬೇಕು? ಒಬ್ಬ ಜಿಮ್ಮೇದಾರ ಮನಷ್ಯಾ ಸಾಕು."

ಮದುವೆಯ ಮೆರವಣಿಗೆಗೆ ಹೋಲಿಸಿದ್ದಕ್ಕೆ ನಾವೂ ನಕ್ಕೆವು. ದೊಡ್ಡವರು ನಕ್ಕಾಗ ನಗುವುದು ನಮಗೆ ರೂಢಿ. ಹಿಂದೆಯೇ ತಮ್ಮ ಸುವ್ಯವಸ್ಥೆಯ ನಿಯಮಗಳು ಬಂದವು. ಹಗ್ಗ ಹಿಡಿಯುವುದು ಗದ್ದಲ, ಆದ್ದರಿಂದ ಬಂದ್. ಇನ್ನು ಮುಂದೆ ಸಂಘಕ್ಕೆ ತಾವೇ ನೇಮಿಸಿದ ಅಧ್ಯಕ್ಷರು, ದೌಲಪ್ಪನವರು. ಅವರಿಗೆ ಕಮಲಾಪುರದಲ್ಲಿ ಹೊಲವಿದೆ, ವಾಸ ಮಾತ್ರ ಕಲಬುರ್ಗಿಯಲ್ಲಿ, ಕೋಟೆಯ ಹತ್ತಿರ. ಹಗೇವಿಗೆ ಅರಗಿನ ಮುದ್ರೆ. ತಮ್ಮ ಕಚೇರಿಯ ಲಿಖಿತ ಅಪ್ಪಣೆಯಿಲ್ಲದೆ ಅದನ್ನು ಮುಟ್ಟುವಂತಿಲ್ಲ.

ಇಷ್ಟಾಗಿದ್ದರೆ ಹೇಗೋ ಸಹಿಸುತ್ತಿದ್ದೆವು. ಸುಗ್ಗಿಯಲ್ಲಿ ಹಗೇವು ತುಂಬಿದ ಮೇಲೆ ಮುದ್ರೆ ಹಾಕಲು ಬಂದ ತಮ್ಮ ಜವಾನರು ಚಪ್ಪಡಿಯ ಮೇಲೆ ಮೆತ್ತಿದ್ದ ಮಣ್ಣನ್ನು ಕೆತ್ತಿ ತೆಗೆಯತೊಡಗಿದರು. ಯಾಕೆಂದು ಕೇಳಿದರೆ, ಮುದ್ರೆ ಮಣ್ಣಿನೊಳಗೆ ಮುಚ್ಚಿಹೋದರೆ ತಪಾಸಣೆಗೆ ಬಂದವರಿಗೆ ಕಾಣುವುದು ಹೇಗೆ ಎಂದರು. ಕಲ್ಲಿನ ಸಂದಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಅಲ್ಲಲ್ಲಿ ಕೆಂಪು ಅರಗು ಸುರಿದು, ಸರ್ಕಾರೆ ಆಲಿಯ, ಅಂದರೆ ಘನ ಸರ್ಕಾರದ, ಗುರುತು ಒತ್ತಿದರು. ನೋಡಲು ಬಹಳ ಚೆಂದವಿತ್ತು. ಮಳೆಗೆ ಅದನ್ನು ಓದಲು ಬರುವುದಿಲ್ಲ ಎಂಬುದಷ್ಟೇ ಕೊರತೆ. ನಾನು ಮಣ್ಣು ಬೇಕೇ ಬೇಕೆಂದು ವಾದಿಸಿದೆ. ಹುಕುಮಿನಲ್ಲಿ ಮಣ್ಣಿನ ಮಾತಿಲ್ಲ ಎಂದುಬಿಟ್ಟರು.

ಮಳೆಗಾಲ ಬಂತು. ಹಗೇವು ತೆರೆಯಲು ಅಪ್ಪಣೆ ಕೇಳಿ ಬರೆದೆ. ಬರಲಿಲ್ಲ. ಜನ ಸಂಘದಲ್ಲಿ ತಮ್ಮದೇ ಜೋಳ ಇಟ್ಟುಕೊಂಡು ಸಾಹುಕಾರರ ಮನೆಯಿಂದ ಜೋಳ ತಂದು ರೊಟ್ಟಿ ಬಡಿದರು. ಶ್ರಾವಣದಲ್ಲಿ ಜಡಿಮಳೆ ಹಿಡಿಯಿತು. ಒಂದು ಬೆಳಿಗ್ಗೆ ಹಲೀಮಾ ಬೀ ನನ್ನ ಅಂಗಡಿಗೆ ಓಡಿಬಂದರು.

"ಗುರುಲಿಂಗಪ್ಪಣ್ಣಾ, ನೆಲದಾಗಿಂದ ಹುಳಿ ವಾಸನಿ ಬರ್ಲಾಕತ್ತದ. ನೀರ ಇಳದದ. ನಮ್ಮ ಜ್ವಾಳ ಹೋಯ್ತು ನೋಡ್ರಿ!"

ಹೋಗಿ ನೋಡಿದರೆ ಊರವರೆಲ್ಲ ಹಗೇವಿನ ಸುತ್ತ ಮೂಗು ಮುಚ್ಚಿಕೊಂಡು ನಿಂತಿದ್ದಾರೆ. ಮುದ್ರೆ ಮಾತ್ರ ಕೆಂಪಗೆ ಹೊಳೆಯುತ್ತಿದೆ. ನಾನು ಆಗಲೇ ಗಾಡಿ ಹೂಡಿಸಿ ಕಲಬುರ್ಗಿಗೆ ಹೊರಟೆ. ಕೆಸರಲ್ಲಿ ಚಕ್ರ ಹೂತು, ಮಹಾಗಾಂವದ ಬಳಿ ತಡವಾಗಿ, ತಮ್ಮ ಕಚೇರಿ ಮುಟ್ಟಿದಾಗ ಮರುದಿನ. ತಮ್ಮ ಕಚೇರಿಯ ಮುನ್ಷಿಯವರಿಗೂ ನನಗೂ ನಡೆದ ಮಾತನ್ನು ಇದ್ದ ಹಾಗೇ ಕೊಡುತ್ತೇನೆ.

"ಸಾಹೇಬ್ರು ಊರೂರು ನೋಡ್ಲಾಕ ದೌರಾಕ್ಕ ಹೋಗ್ಯಾರ."

"ಯಾವಾಗ ಬರ್ತಾರ್ರಿ?"

"ದೌರಾ ಮುಗದ ಮ್ಯಾಲ."

"ಅಲ್ಲಿ ಜ್ವಾಳ ಕೊಳೀಲಾಕತ್ತದ್ರಿ, ಮುನ್ಷೀಜಿ."

"ಮುದ್ರಿ ಒಡದದೇನು?"

"ಇಲ್ರಿ. ಮುದ್ರಿ ಗಟ್ಟಿ ಅದ."

"ಮತ್ತ ನಿಮ್ದೇನ್ ತಕರಾರು? ಮುದ್ರಿ ಗಟ್ಟಿ ಇದ್ರ ಮಾಲೂ ಗಟ್ಟಿ ಇರ್ತದ."

ಕೋಟೆಯ ಬಳಿ ಅಧ್ಯಕ್ಷರ ಮನೆಗೆ ಹೋದೆ. ದೌಲಪ್ಪನವರು ಊಟ ಮಾಡಿ ಹೋಗಿರೆಂದರು, ಚಹಾ ಕೊಡಿಸಿದರು, ಅಪ್ಪಣೆಯಿಲ್ಲದೆ ಏನೂ ಮಾಡಬೇಡಿರೆಂದರು. ಆ ಮನೆಯಲ್ಲಿ ಹುಳಿ ವಾಸನೆ ಇರಲಿಲ್ಲ. ಕಮಲಾಪುರದ ಜೋಳದ ಬಗ್ಗೆ ಅವರು ತೋರಿದ ಶಾಂತಿ ಯಾವ ಸ್ವಾಮಿಗೂ ಸಿದ್ಧಿಸದು.

ನಾನು ಊರಿಗೆ ಮರಳಿ ನಡೆದದ್ದನ್ನು ಹೇಳಿದೆ. ಯಾರೂ ಕೂಗಾಡಲಿಲ್ಲ. ಯಾರೋ ಹಗ್ಗ ತಂದರು. ಡಂಗುರ ಸಾರಿಸಿದೆವು. ಓಣಿಗೊಬ್ಬರಂತೆ ಬಂದು ಹಿಡಿದೆವು. ನಾನೂ ಹಿಡಿದೆ. ಎಳೆದೆವು, ಅರಗು ಚೂರಾಯಿತು. ಗಾಳಿ ಹೋಗಲು ಬಿಟ್ಟು ದೀಪ ಇಳಿಸಿದೆವು. ಮೊದಲ ಸಲ ಆರಿತು, ಮತ್ತೆ ಕಾದೆವು. ಕೊನೆಗೆ ಪೀರಪ್ಪ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಇಳಿದ. ಅವನ ಹೆಂಡತಿ ಶೇವಂತಾ ಬಾಯಿಯ ಬಳಿ ಬಗ್ಗಿ ಮತ್ತೆ ಮತ್ತೆ ಅವನ ಹೆಸರು ಕೂಗುತ್ತಿದ್ದಳು. ಅವನು ಓ ಎನ್ನುವವರೆಗೆ ನಮ್ಮ ಜೀವದಲ್ಲಿ ಜೀವ ಇರಲಿಲ್ಲ.

"ಮ್ಯಾಲಿಂದು ಹೋಗ್ಯಾದ್ರಿ," ಎಂದು ಒಳಗಿನಿಂದ ಕೂಗಿದ. "ತಳದಾಂದು ಉಳದದ. ಲಗೂ ಬುಟ್ಟಿ ಬಿಡ್ರಿ!"

ಉಳಿದದ್ದನ್ನು ಮಸೀದಿಯ ಪಡಸಾಲೆಯಲ್ಲಿ, ಗುಡಿಯ ಪಡಸಾಲೆಯಲ್ಲಿ, ನನ್ನ ಅಂಗಡಿಯ ಹಲಗೆಗಳ ಮೇಲೆ ಹರವಿದೆವು. ಸಂಜೆಯ ಹೊತ್ತಿಗೆ ಪೀರಪ್ಪ ಮೇಲೆ ಬಂದಾಗ ಅವನ ಕಣ್ಣು ಕೆಂಡವಾಗಿತ್ತು, ವಾಂತಿ ಮಾಡುತ್ತಿದ್ದ. ಆ ದಿನ ಅವನು ಇಳಿಯದಿದ್ದರೆ ಕಮಲಾಪುರದ ಧಾನ್ಯ ಸಂಘದ ಆಸ್ತಿ ಎಂದರೆ ತಮ್ಮ ಅರಗಿನ ಚೂರುಗಳಷ್ಟೇ ಉಳಿಯುತ್ತಿದ್ದವು.

ಆಗ ತಮ್ಮ ಕಚೇರಿ ಎಚ್ಚರಗೊಂಡಿತು. ಅಪ್ಪಣೆ ಕೊಡಲು ಬಿಡುವಿಲ್ಲದವರಿಗೆ ನೋಟಿಸು ಕೊಡಲು ಎಷ್ಟು ಬೇಗ ಬಿಡುವಾಯಿತು! ಮುದ್ರೆ ಒಡೆದವನ ಹೆಸರು ಬರೆದು ಕಳಿಸಿ ಎಂದಿರಿ. ಎಲ್ಲ ಓಣಿಯವರು, ನನ್ನನ್ನೂ ಸೇರಿಸಿ, ಎಂದು ಬರೆದೆ. ಒಬ್ಬನ ಹೆಸರು ಬರೆಯಿರಿ, ಇಲ್ಲವಾದರೆ ಸಂಘವೇ ರದ್ದು ಎಂದು ಮರಳಿ ಬಂತು. ನಾನು ಬರೆಯಲಿಲ್ಲ. ಅಧ್ಯಕ್ಷರು ಪೀರಪ್ಪನ ಹೆಸರು ಬರೆದುಕೊಟ್ಟರು. ಕೇಳಲು ಹೋದವನಿಗೆ ದೌಲಪ್ಪನವರು ಸಮಾಧಾನವಾಗಿಯೇ ಹೇಳಿದರು:

"ಯಾರದರ ಒಂದ್ ಹೆಸರು ಹೋಗ್ಲಿ ಬಿಡ್ರಿ, ಗುರುಲಿಂಗಪ್ಪ. ಸಂಘ ಉಳೀತದ. ಪೀರಪ್ಪಂದೇನು ಹೋಗ್ತದ? ಅಂವಗ ಹೊಲ ಇಲ್ಲ, ಎತ್ತ ಇಲ್ಲ. ನಾಕ್ ದಿನ ಒಳಗಿದ್ದು ಬರ್ತಾನ."

ನನಗೆ ಮೈಯೆಲ್ಲ ಉರಿಯಿತು. ಬರೆಯುವಾಗ ಈಗಲೂ ಉರಿಯುತ್ತಿದೆ.

ಮಾನ್ಯರೇ, ಸಂಸ್ಥೆ ಎಂದರೆ ಏನೆಂದು ತಿಳಿದಿದ್ದೀರಿ? ನಮ್ಮಂಥ ಜನ ಸಾಹುಕಾರರ ಕಣಜವನ್ನು ಬಿಟ್ಟು, ಮಕ್ಕಳ ಬಾಯಿಂದ ಉಳಿಸಿದ ಜೋಳವನ್ನು ಒಂದು ಸಾರ್ವಜನಿಕ ಗುಂಡಿಗೆ ತಂದು ಸುರಿದದ್ದು ಯಾವ ಧೈರ್ಯದಿಂದ? ಅದನ್ನು ತೆರೆಯುವಾಗ ನಮ್ಮ ಕಡೆಯವರ ಕೈ ಅಲ್ಲಿರುತ್ತದೆ, ತೆಗೆದದ್ದೆಷ್ಟು, ಯಾರಿಗೆ ಹೋಯಿತು ಎಂದು ನಮ್ಮ ಕಣ್ಣು ನೋಡಿರುತ್ತದೆ ಎಂಬ ಧೈರ್ಯದಿಂದ. ತಪ್ಪಾದರೆ ಅಲ್ಲೇ ಕೇಳಬಹುದಿತ್ತು, ಕೇಳಿದವರಿಗೆ ಅಲ್ಲೇ ಉತ್ತರ ಕೊಡಬೇಕಿತ್ತು. ತಾವು ಇದಕ್ಕೆ ಗದ್ದಲ ಎಂದಿರಿ. ಕಳೆದ ವರ್ಷ ಸ್ಟೇಶನ್ ಬಜಾರದಲ್ಲಿ ಒಂದು ಲೇವಾದೇವಿ ಪೇಢಿ ದಿವಾಳಿ ಎದ್ದದ್ದು ತಮಗೆ ನೆನಪಿರಬೇಕು. ಅಲ್ಲಿ ಗದ್ದಲ ಇರಲೇ ಇಲ್ಲ. ಒಬ್ಬರೇ ಜಿಮ್ಮೇದಾರ ಮಾಲೀಕರು, ಬೀಗದ ಕೈ ಅವರ ಸೊಂಟದಲ್ಲಿ. ಅವರು ಊರು ಬಿಟ್ಟ ಮೇಲೂ ತಿಜೋರಿಯ ಬೀಗ ಹಾಗೇ ಗಟ್ಟಿಯಾಗಿತ್ತು. ಹೊರಗೆ ನಿಂತು ಅತ್ತವರಿಗೆ ಆ ಬೀಗದಿಂದ ಆದ ಲಾಭವೇನು?

ತಮ್ಮ ನಿಯಮದಲ್ಲಿ ಜವಾಬ್ದಾರಿ ಎಂಬ ಪದ ಸಾಲುಸಾಲಿಗೂ ಬರುತ್ತದೆ. ಮಣ್ಣು ಕೆತ್ತಿಸಿದ್ದಕ್ಕೆ ಯಾರು ಜವಾಬ್ದಾರರು? ಅಪ್ಪಣೆ ತಡವಾದದ್ದಕ್ಕೆ? ಕೊಳೆತ ಜೋಳಕ್ಕೆ? ಅಧಿಕಾರ ಇದ್ದವರ ಪೈಕಿ ಒಬ್ಬರ ಹೆಸರೂ ಎಲ್ಲಿಯೂ ಇಲ್ಲ. ಕೊಳೆತದ್ದರೊಳಗೆ ಇಳಿದು ಉಳಿದದ್ದನ್ನು ಎತ್ತಿಕೊಟ್ಟವನ ಹೆಸರು ಮಾತ್ರ ಇದೆ. ಇಷ್ಟು ಸಾಲದೆಂಬಂತೆ, ಇದೇ ಸುವ್ಯವಸ್ಥೆಯನ್ನು ಜಿಲ್ಲೆಯ ಎಲ್ಲ ಧಾನ್ಯ ಸಂಘಗಳಿಗೂ ವಿಸ್ತರಿಸುವ ಆಲೋಚನೆಯಿದೆ ಎಂದು ಕೇಳಿದೆ. ಅಷ್ಟು ಅರಗು ಎಲ್ಲಿಂದ ತರಿಸುತ್ತೀರಿ, ಸ್ವಾಮಿ?

ಸಮನ್ಸು ಬಂದ ದಿನ ಪೀರಪ್ಪನ ಮನೆಗೆ ಹೋಗಿದ್ದೆ. ವಕೀಲರನ್ನು ಹಿಡಿಯೋಣ, ಹೆದರಬೇಡ ಎಂದೆಲ್ಲ ಹೇಳಿದೆ. ಶೇವಂತಾ ಮಾತಾಡಿದಳು.

"ಹಗ್ಗ ಹಿಡೀಲಾಕ ಎಲ್ಲಾರೂ ಇದ್ರಿ. ಈಗ ಕಚೇರಿಗಿ ಇಂವ ಒಬ್ಬನೇ ಯಾಕ್ರಿ? ಇನ್ನಮ್ಯಾಲ ನಮ್ಮ ಓಣ್ಯಾಂದು ಒಂದ್ ಕಾಳೂ ನಿಮ್ಮ ಹಗೇವಿಗಿ ಬೀಳಂಗಿಲ್ಲ, ಗುರುಲಿಂಗಪ್ಪಣ್ಣಾ."

ನಮ್ಮ ಹಗೇವು ಎನ್ನುತ್ತಿದ್ದವಳು ನಿಮ್ಮ ಹಗೇವು ಎಂದಳು.

ಆದ್ದರಿಂದ ನಾನು ಕೇಳುವುದು ಬಹಳವಿಲ್ಲ. ಪೀರಪ್ಪನ ಮೇಲಿನ ಖಟ್ಲೆ ಹಿಂದಕ್ಕೆ ತೆಗೆದುಕೊಳ್ಳಿ. ಮುದ್ರೆಯನ್ನು ತೆಗೆದುಕೊಂಡು ಹೋಗಿ, ಹಗ್ಗವನ್ನು ನಮಗೆ ಬಿಡಿ. ಅಧ್ಯಕ್ಷರನ್ನು ಸದಸ್ಯರೇ ಆರಿಸಲಿ, ಹಗೇವಿನ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ಇರುವವರನ್ನು. ಲೆಕ್ಕ ನೋಡಲು ತಾವು ಬೇಕಾದಾಗ ಬನ್ನಿ. ಹಾರವೂ ಹಾಕುತ್ತೇವೆ, ಬಾಳೆಹಣ್ಣೂ ಕೊಡುತ್ತೇವೆ.

ಖಟ್ಲೆ ನಡೆಸಲೇಬೇಕೆಂದಿದ್ದರೆ ಅವನೊಂದಿಗೆ ನಮ್ಮೆಲ್ಲರ ಹೆಸರನ್ನೂ ಸೇರಿಸಿ, ನನ್ನದರಿಂದ ಶುರು ಮಾಡಿ. ಸೇರಿಸದಿದ್ದರೂ ಆ ದಿನ ನಾವು ಬರುತ್ತೇವೆ. ಹಲೀಮಾ ಬೀ ಈಗಲೇ ಗಾಡಿ ಗೊತ್ತು ಮಾಡಿದ್ದಾರೆ. ಶೇವಂತಾಳಿಗೆ ಇದನ್ನು ಹೇಳಿದೆ. ಬಂದಾಗ ನೋಡೋಣ ಎಂದಳು. ಅವಳು ನಂಬಲಿಲ್ಲ, ಮಾನ್ಯರೇ. ತಮ್ಮನ್ನು ನಂಬದಿದ್ದರೆ ನನಗೆ ಆಶ್ಚರ್ಯವಿರಲಿಲ್ಲ. ಅವಳು ನಂಬದೆ ಇದ್ದದ್ದು ನಮ್ಮನ್ನು. ಪೀರಪ್ಪ ಕಟಕಟೆಯಲ್ಲಿ ಒಬ್ಬನೇ ನಿಂತನೆಂದರೆ ಕಮಲಾಪುರದ ಧಾನ್ಯ ಸಂಘ ಅಲ್ಲಿಗೆ ಮುಗಿಯಿತು, ಅದನ್ನು ರದ್ದು ಮಾಡುವ ಶ್ರಮ ತಾವು ತೆಗೆದುಕೊಳ್ಳಬೇಕಾಗಿಲ್ಲ.

ಇಂತಿ,
ಈ ಕಾಗದ ತಮ್ಮ ಕೈ ಸೇರುವ ಹೊತ್ತಿಗೆ ಬಹುಶಃ ಮಾಜಿಯಾಗಿರುವ ಕಾರ್ಯದರ್ಶಿ,
ಗುರುಲಿಂಗಪ್ಪ, ಬಟ್ಟೆ ಅಂಗಡಿ,
ಕಮಲಾಪುರ. ಆಬಾನ್ ತಿಂಗಳು, ಫಸಲಿ ೧೩೩೫.