ಎ.ಸಿ. ಪೆಟ್ಟಿಗೆಯಲ್ಲಿ ಸಿಗದ ವಾಸನೆ

ಕೋಥರೂಡ, ಜೂನ್ ೧೪, ಶನಿವಾರ

ಸಮಾಧಾನ ಹೇಳಲು ಬಂದವರಿಗೆಲ್ಲ ಧನ್ಯವಾದ. ಅವರ ಅನುಕಂಪಕ್ಕೆ ಮಾತ್ರ ನಾನು ಅರ್ಹನಲ್ಲ.

"ಅಪ್ಪಾ, ನಿಮ್ಮ ಕಾರಿನ ಎ.ಸಿ. ವಾಸನಿ ತಡಕೊಳ್ಳಾಕ ಆಗೂದಿಲ್ರಿ" ಎಂದು ಮಗಳು ಅನುಜಾ ನನ್ನೊಡನೆ ಆಫೀಸಿಗೆ ಬರುವುದನ್ನು ಬಿಟ್ಟು ಸ್ಕೂಟರ್ ಹಿಡಿದಳು. ಹಿಂಜವಾಡಿ ರಸ್ತೆಯಲ್ಲಿ ಅದರ ಮೇಲೆ ಹೋಗುವಾಗಲೇ ಅಪಘಾತದಲ್ಲಿ ತೀರಿಕೊಂಡಳು. ತಪ್ಪು ಕಾರಿನದೆಂದು ಸಾಧಿಸಲು ಇಂದು ಡ್ಯಾಶ್‌ಬೋರ್ಡ್ ಕಳಚಿಸಿ, ಎ.ಸಿ. ಪೆಟ್ಟಿಗೆಯನ್ನೇ ಹೊರತೆಗೆಸಿ ಬಿಚ್ಚಿಸಿದೆ.

"ಮೂಸಿ ನೋಡ್ರಿ ಸರ, ಗಾಳಿ ತಂಪು ಮಾಡೂ ಕಾಯಿಲ್ ಭಾಳ ಸ್ವಚ್ಛ ಅದ," ಎಂದ ಮೆಕ್ಯಾನಿಕ್ ಮಾರ್ತಾಂಡ. "ವಾಸನಿ ಬರತದಂತ ಯಾರ ಹೇಳ್ಯಾರ ನಿಮಗ?"

ಮೂಸಿದೆ. ವಾಸನೆಯಿರಲಿಲ್ಲ. ಆಗ ಹೊಳೆಯಿತು: ಅವಳು ಕಾರಿನಲ್ಲಿ ಬರುತ್ತಿದ್ದ ದಿನಗಳಲ್ಲಿ, ಕಾಲೇಜಿನ ಚರ್ಚಾಸ್ಪರ್ಧೆಯ ಎದುರಾಳಿಯೆಂಬಂತೆ ದಾರಿಯುದ್ದಕ್ಕೂ ಅವಳ ಒಂದೊಂದು ಮಾತನ್ನೂ ಖಂಡಿಸುತ್ತಿದ್ದೆ. ನನ್ನನ್ನು ನೋಯಿಸಲಾರದೆ ಮಗಳು ಎ.ಸಿ.ಯನ್ನು ದೂರಿದಳು.

ಅವಳ ತಮ್ಮ ವಿನೀತನೂ ಸ್ಕೂಟರಿನಲ್ಲೇ ಓಡಾಡುತ್ತಾನೆ. ಯಾರನ್ನೂ ಕೇಳದೆ ನಿರ್ಧರಿಸಿದ್ದೇನೆ: ಸೋಮವಾರದಿಂದ ಕಾರಿನ ಕೀಲಿ ಅವನ ಕೈಗೆ. ನಾನು ಬಸ್ಸಿಗೆ ಹೋಗುತ್ತೇನೆ.